ಬೆಕ್ಕು ಕಚ್ಚಿದರೆ, ಪರಚಿದರೆ: ಬ್ಯಾಕ್ಟೀರಿಯಾ ಸೋಂಕು ತಡೆಯುವುದು ಹೇಗೆ?

ಬೆಕ್ಕು ಕಚ್ಚಿದ ಗಾಯವನ್ನು ಅದರ ಗಾತ್ರ ನೋಡಿ ಅಳೆಯಬಾರದು. ಸೂಜಿಯಂತೆ ಚೂಪಾದ ಕೋರೆಹಲ್ಲು ಸಣ್ಣ ತೂತು ಕೊರೆದು ಆಳಕ್ಕೆ ಇಳಿಯುತ್ತದೆ. ಹಲ್ಲು ಹೊರಬಂದ ಕೂಡಲೇ ಮೇಲಿನ ಚರ್ಮ ಕೂಡಿಕೊಳ್ಳುವುದರಿಂದ ಜೊಲ್ಲಿನೊಂದಿಗೆ ಹೊಕ್ಕ ಬ್ಯಾಕ್ಟೀರಿಯಾ ಒಳಗೇ ಉಳಿದು ಬೆಳೆಯುತ್ತದೆ. ಇವುಗಳಲ್ಲಿ ಮುಖ್ಯವಾದ ಪ್ಯಾಶ್ಚುರೆಲ್ಲಾ ಮಲ್ಟೊಸಿಡಾ ಆರೋಗ್ಯವಾಗಿರುವ ಬಹುಪಾಲು ಬೆಕ್ಕುಗಳ ಬಾಯಲ್ಲಿಯೂ ಇರುತ್ತದೆ. ಆದ್ದರಿಂದ ನಮ್ಮ ಬೆಕ್ಕು ಮನೆಯೊಳಗೇ ಶುಚಿಯಾಗಿ ಬೆಳೆದದ್ದು ಎಂಬ ಸಮಾಧಾನ ಇಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ.

ಕಚ್ಚಿದ ತಕ್ಷಣ ಗಾಯವನ್ನು ಹರಿಯುವ ನೀರಿನ ಕೆಳಗೆ ಹಿಡಿದು, ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಇಷ್ಟು ಹೊತ್ತು ತೊಳೆಯುವುದು ದೀರ್ಘವೆನಿಸಬಹುದು, ಆದರೆ ರೇಬೀಸ್ ವೈರಸ್ಸನ್ನು ತಗ್ಗಿಸಲು ಹೇಳಿರುವ ಕ್ರಮವೂ ಇದೇ ಆಗಿದೆ. ಬಳಿಕ ಪೊವಿಡೋನ್ ಅಯೋಡಿನ್ ಎಂಬ ಸೋಂಕುನಿವಾರಕವನ್ನು ಹಚ್ಚಿ, ಶುಭ್ರವಾದ ಬಟ್ಟೆಯಿಂದ ಸಡಿಲವಾಗಿ ಮುಚ್ಚಿ. ಕೈಗೆ ಕಚ್ಚಿದ್ದರೆ ಬಾವು ಏರುವ ಮೊದಲೇ ಉಂಗುರ, ಬಳೆಗಳನ್ನು ತೆಗೆದಿಡಿ.

ಹಲ್ಲು ಚರ್ಮವನ್ನು ತೂರಿದ್ದರೆ, ನೋವಿಲ್ಲದಿದ್ದರೂ ಅದೇ ದಿನ ವೈದ್ಯರಿಗೆ ತೋರಿಸಬೇಕೆಂಬುದು ನನ್ನ ದೃಢವಾದ ಸಲಹೆ. ಪ್ಯಾಶ್ಚುರೆಲ್ಲಾ ಸೋಂಕು ನಾಳೆಯವರೆಗೆ ಕಾಯುವಂಥದ್ದಲ್ಲ. ಸಾಮಾನ್ಯವಾಗಿ 24 ಗಂಟೆಯೊಳಗೆ, ಕೆಲವೊಮ್ಮೆ ಕೆಲವೇ ಗಂಟೆಗಳಲ್ಲಿ ಗಾಯದ ಸುತ್ತ ಕೆಂಪು, ಬಿಸಿ, ಊತ ಮತ್ತು ತೀವ್ರ ನೋವು ಕಾಣಿಸಿಕೊಳ್ಳುತ್ತವೆ. ಕೆಂಪಾದ ಜಾಗದ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಪಕ್ಕದಲ್ಲಿ ಸಮಯ ಬರೆದಿಟ್ಟರೆ, ಕೆಂಪು ಬಣ್ಣ ಆ ಗೆರೆಯನ್ನು ದಾಟಿತೇ ಎಂಬುದು ಊಹೆಗೆ ಬಿಡದೆ ತಿಳಿಯುತ್ತದೆ. ಬೆರಳಿನ ಕೀಲುಗಳೂ ಸ್ನಾಯುರಜ್ಜುಗಳೂ ಚರ್ಮದ ಸ್ವಲ್ಪವೇ ಕೆಳಗೆ ಇರುವುದರಿಂದ ಕೈಗೆ ಆದ ಕಡಿತ ಹೆಚ್ಚು ಅಪಾಯಕಾರಿ: ಬೆರಳು ಮಡಿಸಲು ಅಥವಾ ಚಾಚಲು ಆಗದಷ್ಟು ನೋವಿದ್ದರೆ, ಜ್ವರ ಬಂದರೆ, ಕೆಂಪು ಗೆರೆಯೊಂದು ತೋಳಿನ ಕಡೆಗೆ ಏರುತ್ತಿದ್ದರೆ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಹೋಗಿ.

ಮನೆಯಲ್ಲಿ ಉಳಿದಿರುವ ಆ್ಯಂಟಿಬಯೋಟಿಕ್ ಮಾತ್ರೆಗಳನ್ನು ನುಂಗಬೇಡಿ. ಚರ್ಮದ ಸೋಂಕುಗಳಿಗೆ ಕೊಡುವ ಸೆಫಲೆಕ್ಸಿನ್, ಎರಿಥ್ರೊಮೈಸಿನ್‌ಗಳು ಪ್ಯಾಶ್ಚುರೆಲ್ಲಾದ ಮೇಲೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಪೆನಿಸಿಲಿನ್ ಅಲರ್ಜಿ ಇಲ್ಲದವರಿಗೆ ವೈದ್ಯರು ಸಾಮಾನ್ಯವಾಗಿ ಅಮಾಕ್ಸಿಸಿಲಿನ್ ಮತ್ತು ಕ್ಲಾವುಲನೇಟ್ ಕೂಡಿದ ಔಷಧಿಯನ್ನು ಬರೆಯುತ್ತಾರೆ. ಧನುರ್ವಾಯು ಮತ್ತು ರೇಬೀಸ್ ಲಸಿಕೆಗಳ ಅಗತ್ಯವನ್ನೂ ಅದೇ ಭೇಟಿಯಲ್ಲಿ ಕೇಳಿ ತಿಳಿಯಿರಿ.

ಪರಚಿದ ಗಾಯದ ದಾರಿ ಬೇರೆ. ಬಾರ್ಟೊನೆಲ್ಲಾ ಹೆನ್ಸೆಲೇ ಎಂಬ ಬ್ಯಾಕ್ಟೀರಿಯಾವನ್ನು ಬೆಕ್ಕಿನಿಂದ ಬೆಕ್ಕಿಗೆ ಹರಡುವುದು ಚಿಗಟ. ಚಿಗಟದ ಹಿಕ್ಕೆ ಬೆಕ್ಕಿನ ಉಗುರಿಗೆ ಮೆತ್ತಿಕೊಂಡಿದ್ದರೆ, ಪರಚಿದಾಗ ಅದು ನಮ್ಮ ಚರ್ಮದೊಳಗೆ ಸೇರುತ್ತದೆ. ಕೆಲವು ದಿನಗಳ ಮೇಲೆ ಆ ಜಾಗದಲ್ಲಿ ಸಣ್ಣ ಗುಳ್ಳೆ ಏಳಬಹುದು, ಒಂದರಿಂದ ಮೂರು ವಾರಗಳಲ್ಲಿ ಕಂಕುಳು, ಕುತ್ತಿಗೆ ಅಥವಾ ತೊಡೆಸಂದಿನ ದುಗ್ಧಗ್ರಂಥಿ ಊದಿಕೊಂಡು ನೋಯುತ್ತದೆ. ಅಷ್ಟರಲ್ಲಿ ಪರಚಿದ್ದೇ ಮರೆತುಹೋಗಿರುತ್ತದೆ, ಆದ್ದರಿಂದ ಗಂಟು ತೋರಿಸಲು ಹೋದಾಗ ಮನೆಯಲ್ಲಿ ಬೆಕ್ಕಿದೆ ಎಂದು ತಪ್ಪದೆ ಹೇಳಿ. ಹೆಚ್ಚಿನವರಲ್ಲಿ ಇದು ತಾನಾಗಿಯೇ ವಾಸಿಯಾಗುತ್ತದೆ.

ಈ ರೋಗಕ್ಕೆ ಮದ್ದಿಗಿಂತ ಚಿಗಟ ನಿವಾರಣೆಯೇ ಮೇಲು. ಪಶುವೈದ್ಯರು ಹೇಳಿದ ಔಷಧಿಯನ್ನು ನಿಯಮಿತವಾಗಿ ಹಾಕಿ. ನಾಯಿಗಳಿಗೆಂದು ಮಾಡಿದ, ಪರ್ಮೆಥ್ರಿನ್ ಇರುವ ಔಷಧಿ ಬೆಕ್ಕಿನ ಪ್ರಾಣಕ್ಕೇ ಎರವಾಗುವುದರಿಂದ ಅದನ್ನು ಎಂದಿಗೂ ಬಳಸಬೇಡಿ. ಉಗುರಿನ ಬುಡದಲ್ಲಿ ಕಾಣುವ ಗುಲಾಬಿ ಬಣ್ಣದ ಭಾಗವನ್ನು ಮುಟ್ಟದೆ ತುದಿಯನ್ನಷ್ಟೇ ಕತ್ತರಿಸಿ. ಮರಿಗಳನ್ನು ಬರಿಗೈಯಿಂದ ಕೆಣಕಿ ಆಡಿಸದೆ, ಕೋಲಿಗೆ ಕಟ್ಟಿದ ಆಟಿಕೆಯಿಂದ ಆಡಿಸಿ. ತೆರೆದ ಗಾಯವನ್ನು ಬೆಕ್ಕು ನೆಕ್ಕಲು ಬಿಡಬೇಡಿ.

ಸಾಲ್ಮೊನೆಲ್ಲಾ, ಕ್ಯಾಂಪಿಲೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾಗಳು ಬೆಕ್ಕಿನ ಮಲದ ಮೂಲಕ ಹರಡಿ ಭೇದಿ ತರುತ್ತವೆ. ಬೆಕ್ಕಿಗೆ ಹಸಿ ಮಾಂಸ ಹಾಕದಿರುವುದು, ಮಲದ ತಟ್ಟೆ ಶುಚಿಗೊಳಿಸಿದ ಮೇಲೆ ಸೋಪಿನಿಂದ ಕೈ ತೊಳೆಯುವುದು ಸಾಕು.

ಗುಲ್ಮ (ಸ್ಪ್ಲೀನ್) ತೆಗೆಸಿಕೊಂಡವರು, ಹೃದಯದ ಕವಾಟದ ತೊಂದರೆ ಇರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಹಾಗೂ ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಇವೇ ಸೋಂಕುಗಳು ರಕ್ತಕ್ಕೂ ಹೃದಯಕ್ಕೂ ಹಬ್ಬಬಲ್ಲವು. ಅಂಥವರು ಬೆಕ್ಕನ್ನು ಮನೆಯಿಂದ ಕಳುಹಿಸಬೇಕಾಗಿಲ್ಲ; ಆದರೆ ತರುವುದಾದರೆ ಒಂದು ವರ್ಷ ದಾಟಿದ, ಶಾಂತ ಸ್ವಭಾವದ ಬೆಕ್ಕನ್ನು ಆರಿಸಿಕೊಳ್ಳಲಿ, ಸಣ್ಣ ಗೀರು ಬಿದ್ದರೂ ತೊಳೆದು ತಮ್ಮ ವೈದ್ಯರಿಗೆ ಅಂದೇ ತಿಳಿಸಲಿ.