ಕಾಫಿ ಕಣದಿಂದ ಮಾಕೆಮಾಕೆ ಹಿಡಿದದ್ದು

ಟೆಲಿಸ್ಕೋಪ್ ಇರುವವರಿಗೆಲ್ಲ ಪ್ಲೂಟೊ ಮೇಲೆ ಆಸೆ. ಆದರೆ ಈಗಿನ ವರ್ಷಗಳಲ್ಲಿ ಅದು ರಾತ್ರಿಯಿಡೀ ಸಿಗುವುದು ಜುಲೈ ಕೊನೆಯಲ್ಲಿ. ಆ ಹೊತ್ತಿಗೆ ಕೊಡಗಿನಲ್ಲಿ ಆಕಾಶವೇ ಕಾಣುವುದಿಲ್ಲ. ಸಾಲದ್ದಕ್ಕೆ ಅದು ದಕ್ಷಿಣಕ್ಕೆ ವಾಲಿಕೊಂಡು ಸಾಗುತ್ತದೆ, ತೋಟದ ಸಿಲ್ವರ್ ಓಕ್ ಅಡ್ಡ ಬರುತ್ತದೆ. ಅದಕ್ಕೇ ನಾನು ಪ್ಲೂಟೊ ಹಾಗೆಯೇ ಕುಬ್ಜಗ್ರಹವಾದ ಮಾಕೆಮಾಕೆ ಆರಿಸಿಕೊಂಡೆ. ಪ್ಲೂಟೊಗಿಂತ ತುಂಬಾ ಮಂಕು, ನಿಜ. ಆದರೆ ನಮ್ಮ ಊರಿಗೆ ಹೇಳಿ ಮಾಡಿಸಿದ ಹಾಗಿದೆ. ಮಾರ್ಚ್ ಕೊನೆಯ ನಡುರಾತ್ರಿ ಹೆಚ್ಚುಕಮ್ಮಿ ನೆತ್ತಿಯ ಮೇಲೇ ಇರುತ್ತದೆ, ಸ್ವಾತಿಗೂ ಉತ್ತರೆಗೂ ನಡುವೆ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ಹೋದ ಮೇಲೆ ಆಕಾಶ ತೊಳೆದಿಟ್ಟಂತಿರುತ್ತದೆ.

ಇದನ್ನು 2005ರ ಮಾರ್ಚ್‌ನಲ್ಲಿ ಖಗೋಳ ವಿಜ್ಞಾನಿ ಮೈಕ್ ಬ್ರೌನ್ ಅವರ ತಂಡ ಅಮೆರಿಕದ ಪಾಲೊಮಾರ್ ವೀಕ್ಷಣಾಲಯದಲ್ಲಿ ಕಂಡುಹಿಡಿಯಿತು. ಅಗಲ ಸುಮಾರು 1,400 ಕಿ.ಮೀ. ಸೂರ್ಯನನ್ನು ಒಂದು ಸುತ್ತು ಹಾಕಲು 300 ವರ್ಷಕ್ಕೂ ಜಾಸ್ತಿ ಬೇಕು. ಮೈಮೇಲೆ ಮೀಥೇನ್ ಹಿಮ ಇರುವುದರಿಂದ ಬಿದ್ದ ಬೆಳಕಿನ ಹೆಚ್ಚು ಪಾಲು ವಾಪಸ್ ಬರುತ್ತದೆ. ಇಲ್ಲದಿದ್ದರೆ ನನ್ನ 8 ಇಂಚಿನ ಟೆಲಿಸ್ಕೋಪ್‌ಗೆ ಸಿಗುತ್ತಲೇ ಇರಲಿಲ್ಲ.

ನಾನು ಟೆಲಿಸ್ಕೋಪ್ ಇಡುವ ಜಾಗ ಅಂದರೆ ಮನೆ ಮುಂದಿನ ಕಾಫಿ ಒಣಗಿಸುವ ಕಣ. ಆ ಹೊತ್ತಿಗೆ ಕಾಫಿ ಒಣಗಿ ಮೂಟೆ ಸೇರಿರುತ್ತದೆ. ಸಿಮೆಂಟ್ ನೆಲ ಹಗಲಿನ ಕಾವು ಬಿಡುತ್ತಾ ಇರುತ್ತದೆ, ನಕ್ಷತ್ರಗಳು ಕುಣಿಯುತ್ತವೆ. ಹಾಗಾಗಿ ಹತ್ತೂವರೆ, ಹನ್ನೊಂದರ ತನಕ ಶುರು ಮಾಡುವುದಿಲ್ಲ.

ದೊಡ್ಡ ತಲೆನೋವು ಧ್ರುವ ನಕ್ಷತ್ರ. ಭೂಮಿ ತಿರುಗಿದಂತೆ ಟೆಲಿಸ್ಕೋಪೂ ತಿರುಗಬೇಕಾದರೆ ಮೌಂಟಿನ (ಟೆಲಿಸ್ಕೋಪ್ ಕೂರಿಸಿ ತಿರುಗಿಸುವ ಸ್ಟ್ಯಾಂಡಿನ) ಅಕ್ಷವನ್ನು ಅದರ ಕಡೆಗೆ ಹೊಂದಿಸಬೇಕು, ಅಲ್ವಾ? ನಮ್ಮಲ್ಲಿ ಅದು ಉತ್ತರದಲ್ಲಿ ಬರೀ 12 ಡಿಗ್ರಿ ಎತ್ತರದಲ್ಲಿದೆ, ಪೂರ್ತಿ ಮರಗಳ ಹಿಂದೆ. ಮರ ಕಡಿಯುವ ಮಾತೇ ಇಲ್ಲ. ನಿನಾ ಎಂಬ ಉಚಿತ ಸಾಫ್ಟ್‌ವೇರ್ ಇದಕ್ಕೆ ದಾರಿ ತೋರಿಸಿತು. ಮೌಂಟನ್ನು ಸ್ವಲ್ಪ ಸ್ವಲ್ಪ ತಿರುಗಿಸಿ, ಕಾಣುವ ಆಕಾಶದ ಮೂರು ಕಡೆ ಫೋಟೋ ತೆಗೆದರೆ, ಅಕ್ಷ ಎಷ್ಟು ಆಚೀಚೆ ಇದೆ ಅಂತ ಅದೇ ಲೆಕ್ಕ ಹಾಕುತ್ತದೆ. ಮರಗಳ ನಡುವೆ ಇರುವವರೆಲ್ಲ ಇದನ್ನು ಕಲಿಯಲೇಬೇಕು.

ಆಮೇಲಿನದು ಸುಲಭ. 30 ಸೆಕೆಂಡಿನ ಫೋಟೋಗಳನ್ನು ಒಂದು ಗಂಟೆಗೂ ಮೇಲೆ ತೆಗೆದು, ಸಿರಿಲ್ ಎಂಬ ಸಾಫ್ಟ್‌ವೇರ್‌ನಲ್ಲಿ ಒಂದರ ಮೇಲೊಂದು ಸೇರಿಸಿದೆ. ಇಬ್ಬನಿಗೆ ಹೀಟರ್ ಪಟ್ಟಿ, ಕರೆಂಟ್ ಹೋದರೆ ಬ್ಯಾಟರಿ. ಅಮಾವಾಸ್ಯೆಯ ಆಸುಪಾಸಿನ ರಾತ್ರಿಯೇ ಬೇಕು. ಬರಿಗಣ್ಣಿಗೆ ಕಾಣುವ ಅತಿ ಮಂಕು ನಕ್ಷತ್ರದ ಬೆಳಕಿನ 25 ಸಾವಿರದಲ್ಲಿ ಒಂದು ಪಾಲು ಮಾತ್ರ ಇದರಿಂದ ಬರುತ್ತದೆ.

ಒಂದು ಫೋಟೋ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಎಲ್ಲವೂ ಚುಕ್ಕಿಗಳೇ. ಎರಡು ದಿನ ಬಿಟ್ಟು ಅದೇ ಜಾಗದ ಫೋಟೋ ಮತ್ತೆ ತೆಗೆದೆ. ಎರಡನ್ನೂ ಸ್ಕ್ರೀನ್ ಮೇಲೆ ಅದಲುಬದಲು ಮಾಡಿದಾಗ ಒಂದು ಚುಕ್ಕಿ ಮಾತ್ರ ಜಾಗ ಬಿಟ್ಟಿತ್ತು. ಆಕಾಶದ ನಕ್ಷೆ ತೋರಿಸುವ ಸ್ಟೆಲ್ಲೇರಿಯಂ ಸಾಫ್ಟ್‌ವೇರ್ ಹೇಳಿದ ಜಾಗದಲ್ಲೇ ಇತ್ತು. ಎಷ್ಟು ಖುಷಿಯಾಯಿತು ಅಂದರೆ, ಬೆಳಿಗ್ಗೆ ಬಂದ ತೋಟದ ಲೆಕ್ಕಪತ್ರ ನೋಡುವ ರೈಟರ್ ಅವರನ್ನು ಕೂರಿಸಿ ತೋರಿಸಿದೆ. "ಅದು ಓಡ್ತಾ ಇದೆಯಾ ಸಾರ್?" ಅಂದರು. ಆ ಓಟದಲ್ಲಿ ಹೆಚ್ಚಿನದು ನಮ್ಮದೇ ಎಂದೆ. ದಿನಕ್ಕೆ ಚಂದ್ರನ ಅಗಲದ ಮೂವತ್ತರಲ್ಲಿ ಒಂದು ಪಾಲಿನಷ್ಟು ಅದು ಸರಿಯುತ್ತದೆ. ಭೂಮಿ ಮುಂದೆ ಹೋಗುವುದರಿಂದ ನಮಗೆ ಹಾಗೆ ಕಾಣುತ್ತದೆ, ಅದರ ಸ್ವಂತ ನಡೆ ತುಂಬಾ ನಿಧಾನ. ಆ ಬೆಳಕು ಅಲ್ಲಿಂದ ಹೊರಟು ಏಳು ಗಂಟೆಗೂ ಜಾಸ್ತಿ ಆಗಿತ್ತು ಎಂದಾಗ ಅವರು ಇನ್ನೊಮ್ಮೆ ಬಗ್ಗಿ ನೋಡಿದರು.

ಮುಂದೆ ಹೌಮಿಯಾ ಎಂಬ ಇನ್ನೊಂದು ಕುಬ್ಜಗ್ರಹ. ಅದೂ ಏಪ್ರಿಲ್‌ನಲ್ಲಿ ನೆತ್ತಿಯ ಹತ್ತಿರವೇ ಬರುತ್ತದೆ. ನಾಲ್ಕು ಗಂಟೆಯೊಳಗೆ ತನ್ನ ಸುತ್ತ ತಾನೇ ತಿರುಗುವ ಉದ್ದುದ್ದ ಆಕಾರದ್ದು. ಒಂದೇ ರಾತ್ರಿಯಲ್ಲಿ ಅದರ ಬೆಳಕು ಏರಿ ಇಳಿಯುವುದನ್ನು ಇದೇ ಕಣದಿಂದ ಅಳೆಯಬೇಕು ಅಂತಿದ್ದೇನೆ.