ಪೆಲೆಟ್ ಒಲೆಗೆ ಭಟ್ಟಿ ಇಟ್ಟಿಗೆ: ನಮ್ಮ ಪುಣೆ ಹೋಟೆಲಿನ ಅನುಭವ

ಒಲೆಯೊಳಗೆ ಇಟ್ಟಿಗೆ ಕಟ್ಟಿದರೆ ಜಾಗ ಹಾಳು ಅಂತ ಒಲೆ ಮಾರಿದವನೇ ಹೇಳಿದ್ದ. ಕಾತ್ರಜ್ ಕಡೆ ಹೋಟೆಲ್ ಇಟ್ಟಿರುವ ನಮ್ಮೂರಿನವರೂ ಅದನ್ನೇ ಹೇಳಿದರು. ಈಗ ಅವರೇ ಬಂದು ಅಳತೆ ಬರೆದುಕೊಂಡು ಹೋಗಿದ್ದಾರೆ.

ನಮ್ಮದು ಪೆಲೆಟ್, ಅಂದರೆ ಹೊಟ್ಟನ್ನು ಒತ್ತಿ ಮಾಡಿದ ಸಣ್ಣ ತುಂಡು, ಉರಿಸುವ ಬ್ಲೋವರ್ ಒಲೆ (ಫ್ಯಾನಿನಿಂದ ಗಾಳಿ ಊದುವಂಥದ್ದು), ಮೇಲೆ ಇಡ್ಲಿ ಬೇಯಿಸುವ ಅಟ್ಟ. ಡಿಸೆಂಬರಿನಲ್ಲಿ ಇಲ್ಲಿಯ ನೀರು ಕೈ ಕೊರೆಯುತ್ತದೆ. ಅದು ಕುದಿಯಲು ಹತ್ತಿರ ಹತ್ತಿರ ಮುಕ್ಕಾಲು ಗಂಟೆ ಬೇಕಾಗುತ್ತಿತ್ತು. ಅಷ್ಟೊತ್ತಿಗೆ ಗಿರಾಕಿಗಳು ಬಂದು ನಿಂತಿರುತ್ತಿದ್ದರು.

ಮೊದಲು ಮನೆ ಕಟ್ಟುವ ಕೆಂಪು ಇಟ್ಟಿಗೆ ಹಾಕಿದೆವು. ವಾರದೊಳಗೆ ಸಿಡಿದು ಚೂರುಗಳೆಲ್ಲ ಜಾಲರಿಗೆ ಬಿದ್ದವು, ಗಾಳಿ ನಿಂತಿತು. ಆಮೇಲೆ ಭೋಸರಿಯ ಫೌಂಡ್ರಿಗಳ (ಲೋಹ ಎರಕ ಹೊಯ್ಯುವ ಕಾರ್ಖಾನೆಗಳ) ಕಡೆಯಿಂದ ಭಾರದ ಫೈರ್‌ಬ್ರಿಕ್, ಅಂದರೆ ಭಟ್ಟಿಯ ಬಿಸಿ ತಡೆಯುವ ಇಟ್ಟಿಗೆ, ತಂದೆ. 9×4.5×3 ಇಂಚಿನದು, ಒಂದಕ್ಕೆ ಐವತ್ತು ರೂಪಾಯಿ ಆಸುಪಾಸು. ಬಿರುಕು ಬಿಡಲಿಲ್ಲ. ಆದರೆ ಮೊದಲ ಅರ್ಧ ಗಂಟೆಯ ಶಾಖವನ್ನೆಲ್ಲ ಇಟ್ಟಿಗೆಯೇ ಕುಡಿಯಿತು, ನೀರು ಇನ್ನೂ ತಡವಾಗಿ ಕುದಿಯಿತು. ಹತ್ತು ಗಂಟೆಯ ಹೊತ್ತಿಗೆ ಊರಿನ ಬಚ್ಚಲ ಒಲೆಯ ಹಾಗೆ ಧಗಧಗ. ಆಗ ಬಂದ ಶಾಖ ಇಡ್ಲಿಗೆ ಏನು ಉಪಯೋಗ? ಕೆಲಸಗಾರನ ಕೂಲಿ ಸೇರಿ ಎರಡು ಸಾವಿರ ಹೋಯಿತು.

ಕೆಲಸ ಮಾಡಿದ್ದು ಹಗುರ ಇಟ್ಟಿಗೆ, ಮೈಯೆಲ್ಲ ಸಣ್ಣ ತೂತಿರುವ ಇನ್ಸುಲೇಷನ್ ಇಟ್ಟಿಗೆ. ನೂರು ನೂರಿಪ್ಪತ್ತು ರೂಪಾಯಿ. ಹ್ಯಾಕ್ಸಾ ಬ್ಲೇಡಿನಲ್ಲೇ ಕೊಯ್ಯಬಹುದು. ಒಂದೂವರೆ ಇಂಚು ದಪ್ಪಕ್ಕೆ ಸೀಳಿಸಿ ಸುತ್ತ ಕಟ್ಟಿಸಿದೆ. ಅದು ಅಷ್ಟಾಗಿ ಶಾಖ ಕುಡಿಯುವುದಿಲ್ಲ, ಒಲೆಯ ಹೊರಗಿನ ತಗಡಿಗೂ ಅಷ್ಟಾಗಿ ಬಿಡುವುದಿಲ್ಲ. ಉರಿಯುವ ಗೂಡು ಬೇಗ ಕಾಯುತ್ತದೆ, ಹೊಗೆಯೂ ಉರಿದು ಶಾಖವಾಗುತ್ತದೆ. ಪೆಲೆಟ್ ತಾಗಿ ಸವೆಯುವ ತಳದಲ್ಲಿ ಮಾತ್ರ ಭಾರದ ಇಟ್ಟಿಗೆಯ ಚೂರು. ಮೇಲಿನ ಗಾಳಿ ತೂತು ಒಂದನ್ನೂ ಮುಚ್ಚಬೇಡಿ. ಅರ್ಧ ಮುಚ್ಚಿದ್ದಕ್ಕೇ ಅಟ್ಟದ ತಳ ಪೂರ್ತಿ ಮಸಿಯಾಗಿತ್ತು.

ಇಟ್ಟಿಗೆ ಕೂರಿಸುವ ಫೈರ್‌ಕ್ಲೇ (ಬಿಸಿ ತಡೆಯುವ ಮಣ್ಣು) ಮೆತ್ತಿದ ಮೇಲೆ ಎರಡು ದಿನ ನೆರಳಲ್ಲಿ ಒಣಗಬೇಕು. ಆಮೇಲೆ ತೆಂಗಿನ ಚಿಪ್ಪಿನ ಸಣ್ಣ ಉರಿ, ಬ್ಲೋವರ್ ಇಲ್ಲದೆ. ಆ ಮಣ್ಣಿಗೆ ನಾನು ಇನ್ನೊಂದು ಪುಡಿ ಸೇರಿಸುತ್ತೇನೆ, ಅದನ್ನು ಹೇಳುವುದಿಲ್ಲ. ಅಟ್ಟಕ್ಕೂ ಅದರ ಸುತ್ತ ಕಟ್ಟಿದ ಇಟ್ಟಿಗೆ ಉಂಗುರಕ್ಕೂ ನಡುವೆ ಬಿಟ್ಟ ಸಂದಿನ ಅಳತೆಯೂ ಸದ್ಯ ನನ್ನ ಹತ್ತಿರವೇ ಇರಲಿ.

ಈಗ ಇಪ್ಪತ್ತೈದು ನಿಮಿಷಕ್ಕೆ ಹಬೆ. ಬೆಳಗಿನ ಪಾಳಿಗೆ 27-28 ಕೆಜಿ ಹೋಗುತ್ತಿದ್ದ ಪೆಲೆಟ್ ಇಪ್ಪತ್ತರ ಆಸುಪಾಸಿಗೆ ಇಳಿದಿದೆ. ಕೆಜಿಗೆ ಹದಿಮೂರು ರೂಪಾಯಿ ಹಿಡಿದರೂ ದಿನಕ್ಕೆ ತೊಂಬತ್ತು ಉಳಿತಾಯ. ಹಗುರ ಇಟ್ಟಿಗೆಗೆ ಹಾಕಿದ ಮೂರು ಸಾವಿರ ಒಂದು ತಿಂಗಳು ಚಿಲ್ಲರೆಯಲ್ಲಿ ವಾಪಸ್.

ನಡುವೆ ಸೋಯಾ ಹೊಟ್ಟಿನ ಪೆಲೆಟ್ಟನ್ನೂ ನೋಡಿದೆ, ಎರಡು ರೂಪಾಯಿ ಅಗ್ಗ ಅಂತ. ಗೂಡು ಈಗ ಜಾಸ್ತಿ ಕಾಯುತ್ತದಲ್ವಾ, ಬೂದಿ ಕರಗಿ ಗಟ್ಟಿಯಾಗಿ ಇಟ್ಟಿಗೆಗೆ ಅಂಟಿತು. ಕೀಳುವಾಗ ಇಟ್ಟಿಗೆಯೂ ಕಿತ್ತು ಬಂತು. ಮರದ ಹೊಟ್ಟಿನ ಪೆಲೆಟ್ಟೇ ಸರಿ. ಇಟ್ಟಿಗೆಯ ಬದಲು ಸೆರಾಮಿಕ್ ಉಣ್ಣೆ (ಶಾಖ ತಡೆಯುವ ನಾರಿನ ಹಾಸು) ಸುತ್ತು ಅಂದವರೂ ಇದ್ದಾರೆ. ಅದರ ಎಳೆ ಹಿಟ್ಟಿನ ಮೇಲೆ ಹಾರುವುದು ನನಗೆ ಬೇಡ.

ಉಳಿದ ಭಾರದ ಇಟ್ಟಿಗೆಯನ್ನು ದೋಸೆ ಕಾವಲಿಯ ಒಲೆಗೆ ಹಾಕಿಸುತ್ತಿದ್ದೇನೆ. ಅಲ್ಲಿ ಮಧ್ಯಾಹ್ನದವರೆಗೂ ಒಂದೇ ಹದದ ಶಾಖ ಬೇಕು, ಬೇಗ ಕಾಯುವುದಲ್ಲ.