ಮಂಜು ಬಿಳಿಯಾಗಿ ಬರಲಿ, ಕತ್ತಲೆ ಕತ್ತಲೆಯಾಗಿರಲಿ: ಮಲೆನಾಡಿನಲ್ಲಿ ನನ್ನ ಫೋನ್ ಕ್ಯಾಮೆರಾ

ನಮ್ಮ ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ. ಜೂನ್ ಹಿಡಿದರೆ ಸೆಪ್ಟೆಂಬರ್‌ವರೆಗೆ ನೆಟ್ಟಗೆ ಬಿಸಿಲು ಕಾಣುವುದೇ ಅಪರೂಪ. ಮೂರು ಮಳೆಗಾಲ ಇಲ್ಲಿಯ ಮಂಜಿನ ಫೋಟೋ ತೆಗೆದೆ. ಮೂರೂ ಸಲ ಒಲೆ ಹೊಗೆಯ ಹಾಗೆ ಬೂದಿ ಬಣ್ಣಕ್ಕೆ ಬಂತು. ಕಣ್ಣಿಗೆ ಕಂಡದ್ದು ಮಾತ್ರ ಹಾಲಿನಂಥ ಬಿಳಿ. ಫೋನ್ ಬದಲಾಯಿಸಿದರೂ ಅದೇ ಕಥೆ.

ಆಮೇಲೆ ತಿಳಿಯಿತು. ಕ್ಯಾಮೆರಾ ಎಲ್ಲವನ್ನೂ ಒಂದು ನಡುಮಟ್ಟದ ಬೆಳಕಿಗೆ ತರಲು ನೋಡುತ್ತದೆ. ಎದುರಿಗೆ ಬಿಳಿ ಜಾಸ್ತಿ ಇದ್ದರೆ ಮಂಕು ಮಾಡುತ್ತದೆ, ಕತ್ತಲೆ ಜಾಸ್ತಿ ಇದ್ದರೆ ಬೆಳಗಿಸುತ್ತದೆ. ನಮ್ಮಲ್ಲಿ ಇರುವುದೇ ಈ ಎರಡು, ಹೊರಗೆ ಮಂಜು, ಒಳಗೆ ಕತ್ತಲೆ. ಹಾಗಾಗಿ ಫೋನಿನ ಅಂದಾಜು ಎರಡು ಕಡೆಯೂ ತಪ್ಪುತ್ತದೆ.

ಈಗ ಮಂಜಿನಲ್ಲಿ ಹತ್ತಿರದ ಒಂದು ಮರವನ್ನೋ ಬೇಲಿ ದಾರಿಗೆ ಅಡ್ಡ ಹಾಕುವ ಉಣುಗೋಲನ್ನೋ ಪರದೆಯ ಮೇಲೆ ಮುಟ್ಟುತ್ತೇನೆ. ಪಕ್ಕದಲ್ಲಿ ಸಣ್ಣ ಸೂರ್ಯನ ಗುರುತು ಬರುತ್ತದಲ್ಲ, ಅದನ್ನು ಸ್ವಲ್ಪ ಮೇಲಕ್ಕೆ ಎಳೆಯುತ್ತೇನೆ. ಬೆರಳು ಒತ್ತಿ ಹಿಡಿದರೆ ಹೆಚ್ಚಿನ ಫೋನುಗಳಲ್ಲಿ ಫೋಕಸ್ ಮತ್ತು ಬೆಳಕು ಎರಡೂ ಲಾಕ್ ಆಗುತ್ತವೆ. ಜೋಗದಲ್ಲೂ ಹೀಗೇ ಮಾಡಿದೆ. 253 ಮೀಟರ್ ಎತ್ತರದಿಂದ ಬೀಳುವ ನೀರು ಆಗಸ್ಟ್‌ನಲ್ಲಿ ಮಂಜಿನೊಳಗೇ ಮಾಯವಾಗುತ್ತದೆ. ರಾಜಾ, ರೋರರ್ ಯಾವ ಕವಲೂ ಕಾಣುತ್ತಿರಲಿಲ್ಲ. ಮುಕ್ಕಾಲು ಗಂಟೆ ಕಾದ ಮೇಲೆ ಮಂಜು ಸ್ವಲ್ಪ ಸರಿಯಿತು. ಎರಡು ಬೆರಳಲ್ಲಿ ಎಳೆದು ಜೂಮ್ ಮಾಡಲಿಲ್ಲ. ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸ್ ಇಲ್ಲದ ಫೋನಿನಲ್ಲಿ ಹಾಗೆ ಎಳೆದರೆ ಇರುವ ಚಿತ್ರವನ್ನೇ ಕತ್ತರಿಸಿ ಹಿಗ್ಗಿಸಿದಂತೆ, ಅಷ್ಟೇ. ಕಂಬಿ ಹಿಡಿದು ನಿಂತ ಒಬ್ಬರ ಕೊಡೆಯನ್ನು ಮೂಲೆಯಲ್ಲಿ ಸೇರಿಸಿಕೊಂಡೆ. ಗುಂಡಿಯ ಆಳ ಎಷ್ಟು ಅಂತ ಆ ಪುಟ್ಟ ಕೊಡೆಯಿಂದಲೇ ಗೊತ್ತಾಗುತ್ತದೆ.

ಕತ್ತಲೆಯ ಪಾಠ ಸಿಕ್ಕಿದ್ದು ಅಡಿಕೆ ಸುಲಿಯುವ ರಾತ್ರಿಗಳಲ್ಲಿ. ದೊಡ್ಡಮ್ಮ ಮೆಟ್ಟುಗತ್ತಿಯ (ಅಡಿಕೆ ಸುಲಿಯಲು ಮಣೆಗೆ ಕೂರಿಸಿದ ಕತ್ತಿ) ಮುಂದೆ ಕೂತು ಸುಲಿಯುತ್ತಿದ್ದರು. ತಲೆಯ ಮೇಲೆ ಒಂದೇ ಬಲ್ಬು. ಮೊದಲ ಫೋಟೋದಲ್ಲಿ ಫೋನು ಇಡೀ ಚಪ್ಪರವನ್ನೇ ಬೆಳಗಿಸಿಬಿಟ್ಟಿತು. ಮೂಲೆಯ ಗೋಣಿಚೀಲ, ಬಕೆಟ್ಟು, ಚಪ್ಪಲಿ ಎಲ್ಲ ಕಂಡವು. ದೊಡ್ಡಮ್ಮನ ಮುಖ ಸುಣ್ಣ ಬಳಿದ ಹಾಗಿತ್ತು, ಕೈಗಳು ಕಲಸಿಹೋಗಿದ್ದವು. ಅದು ನೈಟ್ ಮೋಡ್ ಮಾಡಿದ ಕೆಲಸ. ಒಂದಾದ ಮೇಲೊಂದು ಹಲವು ಚಿತ್ರ ತೆಗೆದು ಒಂದೇ ಮಾಡುತ್ತದೆ. ಅಲ್ಲಾಡದ ದೇವಸ್ಥಾನಕ್ಕೆ ಅದು ಒಳ್ಳೆಯದು, ಸುಲಿಯುವ ಕೈಗಲ್ಲ.

ನೈಟ್ ಮೋಡ್ ಆಫ್ ಮಾಡಿದೆ. ಚಪ್ಪರದ ಕಂಬಕ್ಕೆ ಭುಜ ಒರಗಿಸಿ ನಿಂತೆ. ದೊಡ್ಡಮ್ಮನ ಕೈಯನ್ನು ಮುಟ್ಟಿ ಫೋಕಸ್ ಮಾಡಿ ಸೂರ್ಯನನ್ನು ಕೆಳಗೆಳೆದೆ. ಚೀಲ, ಬಕೆಟ್ಟು ಎಲ್ಲ ಕತ್ತಲೆಗೆ ಸೇರಿದವು. ಕೈ ಮಾತ್ರ ಉಳಿಯಿತು. ಸುಲಿಯುವುದಕ್ಕೂ ಒಂದು ಲಯವಿದೆ. ಕಾಯಿ ಕತ್ತಿಗೆ ಕಚ್ಚುತ್ತದೆ, ಸಿಪ್ಪೆ ಬಿಚ್ಚುತ್ತದೆ, ಸುಲಿದ ಅಡಿಕೆ ಬುಟ್ಟಿಗೆ ಬೀಳುವ ಮುಂಚೆ ಕೈ ಒಂದು ಕ್ಷಣ ನಿಲ್ಲುತ್ತದೆ. ಆ ನಿಲ್ಲುವ ಹೊತ್ತಿಗೆ ಒತ್ತಬೇಕು. ನಲವತ್ತರಲ್ಲಿ ಎರಡು ಚೆನ್ನಾಗಿ ಬಂದವು. ಉಗುರಿನ ಸಂದಿಯಲ್ಲಿ ಕೂತ ಅಡಿಕೆ ಕಪ್ಪು, ಹೆಬ್ಬೆರಳಿಗೆ ಸುತ್ತಿದ್ದ ಬಟ್ಟೆ, ಎಲ್ಲ ಹಾಗ್ಹಾಗೇ ಇದೆ. ದೊಡ್ಡಮ್ಮ ನೋಡಿ, "ಅಯ್ಯೋ, ಕೈಯಾದ್ರೂ ತೊಳ್ಕೊತಿದ್ನಲ್ಲೋ" ಅಂದರು. ತೊಳೆದಿದ್ದರೆ ನಾನು ಆ ಫೋಟೋ ತೆಗೆಯುತ್ತಲೇ ಇರಲಿಲ್ಲ.

ಮುಖದ ಫೋಟೋಕ್ಕೆ ನಮ್ಮ ಜಗಲಿಗಿಂತ ಒಳ್ಳೆಯ ಜಾಗ ನಾನು ಕಂಡಿಲ್ಲ. ಸೂರು ಮೇಲಿನ ಬೆಳಕನ್ನು ತಡೆಯುತ್ತದೆ, ಅಂಗಳದಿಂದ ಮೆತ್ತಗೆ ಬೆಳಕು ಬರುತ್ತದೆ. ಅಂಗಳಕ್ಕೆ ಮುಖ ಮಾಡಿ ಕೂರಿಸಿದರೆ ಸಾಕು. ಅಡಿಕೆ ತೋಟದ ಒಳಗೆ ಮಾತ್ರ ಬೇಡ, ಎಲೆಯ ನೆರಳಿಗೆ ಮುಖ ಹಸಿರುಗಟ್ಟುತ್ತದೆ.

ಇನ್ನು ಲೆನ್ಸ್. ಪ್ರತಿ ಸಲ ಹಳೇ ಹತ್ತಿ ಪಂಚೆಯ ತುಂಡಿನಲ್ಲಿ ಒರೆಸುತ್ತೇನೆ. ಎಸಿ ಕಾರಿನಿಂದ ಇಳಿದ ಕೂಡಲೇ ಗಾಜಿಗೆ ಹಬೆ ಕೂರುತ್ತದೆ, ಐದು ನಿಮಿಷ ಬಿಡಬೇಕು. ಹನಿ ಬಿದ್ದ ಪರದೆ ಬೆರಳಿನ ಮಾತು ಕೇಳುವುದಿಲ್ಲ, ಆಗ ವಾಲ್ಯೂಮ್ ಬಟನ್ ಒತ್ತುತ್ತೇನೆ.

ಈ ವರ್ಷ ಅಡಿಕೆಯ ಕೊಳೆ ರೋಗಕ್ಕೆ ಮರ ಹತ್ತಿ ಬೋರ್ಡೋ ಔಷಧಿ ಹೊಡೆಯುವವರ ಫೋಟೋ ತೆಗೆಯುತ್ತಿದ್ದೇನೆ. ತೋಟದಿಂದ ಮೇಲಕ್ಕೆ ನೋಡಿ ತೆಗೆದರೆ ಎರಡು ತೊಂದರೆಯೂ ಒಂದೇ ಫೋಟೋದಲ್ಲಿ: ಹಿಂದೆ ಬಿಳಿ ಆಕಾಶ, ಮರದ ಮೇಲಿನ ಮನುಷ್ಯ ಬರೀ ಕರಿ ಆಕಾರ. ಸೂರ್ಯನನ್ನು ಎಷ್ಟು ಎಳೆದಾಡಿದರೂ ಸರಿ ಹೋಗಲಿಲ್ಲ. ಮೊನ್ನೆ ತೋಟದ ಪಕ್ಕದ ಎತ್ತರದ ಮಣ್ಣಿನ ದರೆ ಹತ್ತಿ ನಿಂತೆ. ಮರದ ತಲೆ ನನ್ನ ಕಣ್ಣಿನ ಸಮಕ್ಕೆ ಬಂತು. ಹಿಂದೆ ಆಕಾಶದ ಬದಲು ಎದುರು ಗುಡ್ಡದ ಕಾಡು. ಔಷಧಿಯ ತಿಳಿನೀಲಿ ಹನಿಗಳು ಆ ಕಪ್ಪು ಹಸಿರಿನ ಮುಂದೆ ಒಂದೊಂದೇ ಕಂಡವು.